ಬಾಕ್ಸಿಂಗ್ 'ವಿಶ್ವ ಚಾಂಪಿಯನ್' ಪಟ್ಟ: ನಾಲ್ಕು ಸಂಸ್ಥೆಗಳ ಬೆಲ್ಟ್ ಎಷ್ಟು ನಂಬಬಹುದು?

ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡುವವರಿಗೆ ಕಡೇ ಜೋಡಿ ಅಂದರೇನು ಅಂತ ಹೇಳಿಕೊಡಬೇಕಿಲ್ಲ. ಸಣ್ಣ ಜೋಡಿಗಳೆಲ್ಲ ಮುಗಿದ ಮೇಲೆ ದೊಡ್ಡ ಪೈಲ್ವಾನರಿಬ್ಬರು ಅಖಾಡಕ್ಕೆ ಇಳಿಯುತ್ತಾರೆ. ಒಬ್ಬನ ಬೆನ್ನು ಮಣ್ಣಿಗೆ ತಾಗುತ್ತದೆ, ಇನ್ನೊಬ್ಬನನ್ನು ಹೆಗಲ ಮೇಲೆ ಹೊತ್ತು ಕುಣಿಸುತ್ತಾರೆ. ಗೆದ್ದವನು ಯಾರು ಅಂತ ಆಮೇಲೆ ಯಾರನ್ನೂ ಕೇಳಬೇಕಿಲ್ಲ. ಅದೇ ಮಂದಿ ಭಾನುವಾರ ಬೆಳಿಗ್ಗೆ ಮೊಬೈಲ್ ಹಿಡಿದು, ದುಡ್ಡು ಕಟ್ಟಿ, ವೃತ್ತಿಪರ ಬಾಕ್ಸಿಂಗ್‌ನ 'ವಿಶ್ವ ಪಟ್ಟ'ದ ಪಂದ್ಯ ನೋಡಿದರೆ ಕಂಗಾಲಾಗುತ್ತಾರೆ. ಪಂದ್ಯ ಮುಗಿದರೂ ಆ ತೂಕದ ವರ್ಗದಲ್ಲಿ ನಿಜವಾದ ಚಾಂಪಿಯನ್ ಯಾರು ಅನ್ನುವುದು ತೀರ್ಮಾನ ಆಗಿರುವುದಿಲ್ಲ. ಇಲ್ಲಿರುವುದು ಆ ಪಟ್ಟ ಕೊಡುವ ನಾಲ್ಕು ಸಂಸ್ಥೆಗಳ ಕೆಲಸದ ವಿಮರ್ಶೆ.

ಮೊದಲು ಲೆಕ್ಕ. ಹಿಂದೆ ಫ್ಲೈವೇಟ್‌ನಿಂದ ಹೆವಿವೇಟ್‌ವರೆಗೆ ತೂಕಗಳು ಎಂಟೇ ಇದ್ದವು. ತೂಕಕ್ಕೊಬ್ಬನಂತೆ ಎಂಟು ಚಾಂಪಿಯನ್. ಈಗ ತೂಕಗಳು 17, ಸಂಸ್ಥೆಗಳು ನಾಲ್ಕು: 1921ರಲ್ಲಿ ಬೇರೆ ಹೆಸರಲ್ಲಿ ಶುರುವಾಗಿ 1962ರಲ್ಲಿ ಈಗಿನ ಹೆಸರು ಪಡೆದ ಡಬ್ಲ್ಯುಬಿಎ (ವರ್ಲ್ಡ್ ಬಾಕ್ಸಿಂಗ್ ಅಸೋಸಿಯೇಷನ್), 1963ರ ಡಬ್ಲ್ಯುಬಿಸಿ (ವರ್ಲ್ಡ್ ಬಾಕ್ಸಿಂಗ್ ಕೌನ್ಸಿಲ್), 1983ರ ಐಬಿಎಫ್ (ಇಂಟರ್‌ನ್ಯಾಷನಲ್ ಬಾಕ್ಸಿಂಗ್ ಫೆಡರೇಷನ್), 1988ರ ಡಬ್ಲ್ಯುಬಿಒ (ವರ್ಲ್ಡ್ ಬಾಕ್ಸಿಂಗ್ ಆರ್ಗನೈಸೇಷನ್). ಹದಿನೇಳು ನಾಲ್ಕಲಿ ಅರವತ್ತೆಂಟು ಪಟ್ಟ. ಡಬ್ಲ್ಯುಬಿಸಿ 2020ರಲ್ಲಿ ಕ್ರೂಸರ್‌ವೇಟ್‌ಗೂ ಹೆವಿವೇಟ್‌ಗೂ ನಡುವೆ 224 ಪೌಂಡಿನ ಬ್ರಿಡ್ಜರ್‌ವೇಟ್ ಅಂತ ಇನ್ನೊಂದನ್ನು ತೂರಿಸಿತು. ಇದರ ಮೇಲೆ ಸೂಪರ್, ರೆಗ್ಯುಲರ್, ಇಂಟರಿಮ್ (ತಾತ್ಕಾಲಿಕ), ಸಿಲ್ವರ್, ಡೈಮಂಡ್ ಅನ್ನುವ ಪಟ್ಟಗಳು ಬೇರೆ.

ಯಾಕೆ ಹೀಗೆ ಬೆಳೆಯಿತು ಅಂದರೆ ಶುಲ್ಕ. ಪಟ್ಟದ ಪಂದ್ಯ ಆಡುವ ಬಾಕ್ಸರ್ ತನ್ನ ಸಂಭಾವನೆಯಲ್ಲಿ ಸಾಮಾನ್ಯವಾಗಿ ಸುಮಾರು ಶೇ 3ರಷ್ಟನ್ನು ಸಂಸ್ಥೆಗೆ ಕಟ್ಟಬೇಕು. ದೊಡ್ಡ ಪಂದ್ಯಗಳಿಗೆ ಇಷ್ಟೇ ಅಂತ ಮಿತಿ ಹಾಕುವುದೂ ಉಂಟು. ಬೆಲ್ಟ್ ಇಲ್ಲದ ಪಂದ್ಯದಿಂದ ಸಂಸ್ಥೆಗೆ ಬಿಡಿಗಾಸೂ ಇಲ್ಲ. ಹೀಗಿರುವಾಗ ಒಂದು ತೂಕದಲ್ಲಿ ಒಂದೇ ಬೆಲ್ಟ್ ಇಟ್ಟುಕೊಂಡು ಸುಮ್ಮನಿರಿ ಅಂದರೆ ಯಾವ ಸಂಸ್ಥೆ ಕೇಳೀತು?

ಈ ರೋಗ ಎಲ್ಲಿಗೆ ಮುಟ್ಟುತ್ತದೆ ಅಂತ ನೋಡಲು ಡಬ್ಲ್ಯುಬಿಎಯ 2021ರ ವೆಲ್ಟರ್‌ವೇಟ್ ಒಂದೇ ಸಾಕು. 147 ಪೌಂಡ್, ಅಂದರೆ 66.7 ಕೆಜಿ. ಅಂಕಣಕ್ಕೆ ಇಳಿಯದಿದ್ದ ಮ್ಯಾನಿ ಪ್ಯಾಕಿಯಾವೊ 'ವಿರಾಮದಲ್ಲಿರುವ ಚಾಂಪಿಯನ್'. ಯೊರ್ಡೆನಿಸ್ ಉಗಾಸ್ 'ಸೂಪರ್ ಚಾಂಪಿಯನ್'. ಜಮಾಲ್ ಜೇಮ್ಸ್ 'ರೆಗ್ಯುಲರ್ ಚಾಂಪಿಯನ್'. ಇಷ್ಟು ಸಾಲದು ಅಂತ ಆಗಸ್ಟ್ 7ರಂದು ಮಿನಿಯಾಪೊಲಿಸ್‌ನಲ್ಲಿ ಇದೇ ತೂಕಕ್ಕೆ 'ಇಂಟರಿಮ್' ಪಂದ್ಯ ಇಟ್ಟರು: ಗೇಬ್ರಿಯಲ್ ಮೇಸ್ತ್ರೆ ಮತ್ತು ಮೈಕಲ್ ಫಾಕ್ಸ್. ಮೇಸ್ತ್ರೆ ವೃತ್ತಿಯಲ್ಲಿ ಅಲ್ಲಿಯವರೆಗೆ ಆಡಿದ್ದು ಮೂರೇ ಪಂದ್ಯ. ಎರಡನೇ ರೌಂಡಿನಲ್ಲಿ ಫಾಕ್ಸ್ ಅವನನ್ನು ನೆಲಕ್ಕೆ ಬೀಳಿಸಿದ. ಆದರೂ ಮೂವರು ತೀರ್ಪುಗಾರರೂ ಮೇಸ್ತ್ರೆಗೇ ಗೆಲುವು ಕೊಟ್ಟರು, ಒಬ್ಬರಂತೂ 117-110 ಅಂತ ಬರೆದರು. ಒಂದು ಸಂಸ್ಥೆ, ಒಂದು ತೂಕ, ನಾಲ್ವರು ಚಾಂಪಿಯನ್! ಗಲಾಟೆ ಎದ್ದ ಮೇಲೆ ಡಬ್ಲ್ಯುಬಿಎ ಇಂಟರಿಮ್ ಪಟ್ಟಗಳನ್ನೆಲ್ಲ ರದ್ದು ಮಾಡಿತು. ಕೆಲವೇ ಕಾಲದಲ್ಲಿ ಅವು ಮತ್ತೆ ಬಂದವು. ಇಂಟರಿಮ್ ಪಟ್ಟವೇ ಕೆಟ್ಟದ್ದಲ್ಲ. ಚಾಂಪಿಯನ್ ಗಾಯಗೊಂಡು ಕೂತಾಗ ಮುಂದಿನವರು ಕಾಯುತ್ತ ಕೂರಬಾರದು ಅಂತ ಮಾಡಿದ ಏರ್ಪಾಡು ಅದು. ಚಾಂಪಿಯನ್ ಗಟ್ಟಿಮುಟ್ಟಾಗಿ ಓಡಾಡುತ್ತಿರುವಾಗ ಅದನ್ನು ಹಂಚುವುದು ನೋಡುಗರಿಗೆ ಮಾಡುವ ಮೋಸ. ಈ ನಾಲ್ಕರಲ್ಲಿ ಡಬ್ಲ್ಯುಬಿಎಗೆ ಕಡೇ ಸ್ಥಾನ.

ಡಬ್ಲ್ಯುಬಿಸಿಯ ಹಸಿರು ಬೆಲ್ಟಿಗೆ ಬಾಕ್ಸರ್‌ಗಳಲ್ಲಿ ದೊಡ್ಡ ಗೌರವವಿದೆ. ಆ ಗೌರವಕ್ಕೆ ತಕ್ಕ ನಡತೆ ಸಂಸ್ಥೆಯಲ್ಲಿ ಕಾಣುವುದಿಲ್ಲ. 1998ರಲ್ಲಿ ಜರ್ಮನಿಯ ಗ್ರಾಚಿಯಾನೊ ರೊಕ್ಕಿಜಾನಿ ಖಾಲಿಯಿದ್ದ ಲೈಟ್ ಹೆವಿವೇಟ್ ಪಟ್ಟ ಗೆದ್ದ. ಆಮೇಲೆ ಅವನನ್ನು ಚಾಂಪಿಯನ್ ಅಂತ ಪಟ್ಟಿಯಲ್ಲಿ ಹಾಕಿದ್ದು ಅಚ್ಚಿನ ತಪ್ಪು ಅಂದುಬಿಟ್ಟಿತು ಸಂಸ್ಥೆ. ಅಮೆರಿಕದ ಕೋರ್ಟು ಅವನಿಗೆ 3 ಕೋಟಿ ಡಾಲರ್ ಪರಿಹಾರ ಕೊಡಿ ಅಂದಿತು, ಕಡೆಗೆ ರಾಜಿಯಾಯಿತು. 2019ರಲ್ಲಿ ಬಂದ 'ಫ್ರಾಂಚೈಸ್ ಚಾಂಪಿಯನ್', ಅಂದರೆ ದೊಡ್ಡ ಹೆಸರಿನ ಬಾಕ್ಸರ್‌ಗೆ ಕೊಡುವ ವಿಶೇಷ ಪಟ್ಟ, ಅದಕ್ಕಿಂತ ದೊಡ್ಡ ಗೊಂದಲ. ಲೈಟ್‌ವೇಟ್ ಚಾಂಪಿಯನ್ ಲೊಮಚೆಂಕೊಗೆ ಆ ಹೆಸರು ಕೊಟ್ಟು, ಅದೇ ತೂಕದಲ್ಲಿ ಡೆವಿನ್ ಹೇನಿಯನ್ನು ಅಂಕಣದಾಚೆಗೇ ಪೂರ್ಣ ಚಾಂಪಿಯನ್ ಮಾಡಿದರು. 2020ರ ಅಕ್ಟೋಬರಿನಲ್ಲಿ ಟಿಯೊಫಿಮೊ ಲೋಪೆಜ್ ಲೊಮಚೆಂಕೊನನ್ನು ಸೋಲಿಸಿದಾಗ ಅವನು ನಾಲ್ಕೂ ಬೆಲ್ಟಿನ ಒಡೆಯನೋ ಅಲ್ಲವೋ ಅನ್ನುವುದೇ ಜಗಳವಾಯಿತು.

ನಿಯಮದ ವಿಷಯದಲ್ಲಿ ಐಬಿಎಫ್ ಮೇಲು. ಸ್ಥಾಪಕ ಅಧ್ಯಕ್ಷ ರಾಬರ್ಟ್ ಲೀ 2000ದಲ್ಲಿ ಅಕ್ರಮ ಹಣದ ಪ್ರಕರಣದಲ್ಲಿ ತಪ್ಪಿತಸ್ಥ ಅಂತ ತೀರ್ಮಾನವಾದ ಕಳಂಕ ಅದಕ್ಕಿದೆ. ಆದರೂ ಪಟ್ಟದ ಪಂದ್ಯದ ದಿನ ಬೆಳಿಗ್ಗೆ ಎರಡನೇ ಸಲ ತೂಕ ಹಾಕಿ, ಮಿತಿಗಿಂತ 10 ಪೌಂಡ್, ಅಂದರೆ ನಾಲ್ಕೂವರೆ ಕೆಜಿಗಿಂತ ಹೆಚ್ಚು ಏರಬಾರದು ಅನ್ನುವ ನಿಯಮ ಅದರದ್ದು. ತೂಕ ಇಳಿಸಲು ನೀರು ಬಿಡುವ ಹುಡುಗರನ್ನು ಕಂಡ ಗರಡಿ ಉಸ್ತಾದರಿಗೆ ಇದರ ಬೆಲೆ ತಿಳಿಯುತ್ತದೆ. ಸವಾಲುಗಾರರ ಅದರ ರ‍್ಯಾಂಕಿಂಗ್ ಪಟ್ಟಿಯಲ್ಲಿ ಎಷ್ಟೋ ಸಲ 1 ಮತ್ತು 2ನೇ ಸ್ಥಾನ ಖಾಲಿ ಇರುತ್ತವೆ. ಅದು ತಪ್ಪಲ್ಲ. ಪಟ್ಟಿಯಲ್ಲಿರುವ ಇನ್ನೊಬ್ಬನನ್ನು ಸೋಲಿಸದೆ ಆ ಜಾಗಕ್ಕೆ ಏರಿಸುವುದಿಲ್ಲ, ಅಷ್ಟೆ.

ಆದರೆ ಅದೇ ಬಿಗಿ ಬೇರೆ ಕಡೆ ತೊಡಕಾಗುತ್ತದೆ. 2015ರ ನವೆಂಬರ್ 28ರಂದು ಆಗಿನ ಹೆವಿವೇಟ್ ಚಾಂಪಿಯನ್ ಕ್ಲಿಚ್ಕೊನನ್ನು ಸೋಲಿಸಿದ ಟೈಸನ್ ಫ್ಯೂರಿಯ ಐಬಿಎಫ್ ಬೆಲ್ಟನ್ನು ಎರಡು ವಾರ ತುಂಬುವುದರೊಳಗೆ ಕಿತ್ತುಕೊಂಡರು. ಅವನು ಮರುಪಂದ್ಯಕ್ಕೆ ಒಪ್ಪಿದ್ದ, ಐಬಿಎಫ್‌ಗೆ ತನ್ನ ಕಡ್ಡಾಯ ಸವಾಲುಗಾರನೇ, ಅಂದರೆ ಚಾಂಪಿಯನ್ ಎದುರಿಸಲೇಬೇಕು ಅಂತ ಸಂಸ್ಥೆ ಗೊತ್ತುಮಾಡಿದವನೇ ಬೇಕಿತ್ತು. 2024ರ ಮೇ 18ರಂದು ಉಕ್ರೇನಿನ ಉಸಿಕ್ ಅದೇ ಫ್ಯೂರಿಯನ್ನು ಸೋಲಿಸಿ ಹೆವಿವೇಟಿನಲ್ಲಿ ನಾಲ್ಕೂ ಬೆಲ್ಟ್ ಕೂಡಿಸಿದ ಮೊದಲಿಗನಾದ. ಜೂನ್ ಮುಗಿಯುವಷ್ಟರಲ್ಲಿ ಐಬಿಎಫ್ ಬೆಲ್ಟ್ ಬಿಡಬೇಕಾಯಿತು, ಇಂಟರಿಮ್ ಇದ್ದ ಡುಬೊವಾ ಪೂರ್ಣ ಚಾಂಪಿಯನ್ ಆದ. ಅದನ್ನು ವಾಪಸ್ ತರಲು ಉಸಿಕ್ 2025ರ ಜುಲೈ 19ರಂದು ವೆಂಬ್ಲಿಯಲ್ಲಿ ಡುಬೊವಾನನ್ನು ಐದನೇ ರೌಂಡಿನಲ್ಲಿ ಮಲಗಿಸಬೇಕಾಯಿತು.

ಡಬ್ಲ್ಯುಬಿಒ 2000ದಲ್ಲಿ ತೀರಿಕೊಂಡ ಡ್ಯಾರಿನ್ ಮಾರಿಸ್ ಎಂಬ ಬಾಕ್ಸರ್‌ನನ್ನು ಸತ್ತ ಮೇಲೂ ಪಟ್ಟಿಯಲ್ಲಿ ಎರಡು ಸಲ ಮೇಲೇರಿಸಿತ್ತು. ಈಗ ಅದರ ಸ್ಥಿತಿ ಎಷ್ಟೋ ಸುಧಾರಿಸಿದೆ, ಐಬಿಎಫ್ ನಂತರದ ಸ್ಥಾನ ಕೊಡಬಹುದು.

ಎಲ್ಲಕ್ಕಿಂತ ದೊಡ್ಡ ದೋಷ ಪಟ್ಟಿಗಳ ಒಳಗಿದೆ, ಪೋಸ್ಟರಿನಲ್ಲಿ ಕಾಣುವುದಿಲ್ಲ. ಒಂದು ಸಂಸ್ಥೆ ತನ್ನ ಪಟ್ಟಿಯಲ್ಲಿ ಉಳಿದ ಮೂರು ಸಂಸ್ಥೆಗಳ ಚಾಂಪಿಯನ್‌ಗಳನ್ನು ಸಾಮಾನ್ಯವಾಗಿ ಸೇರಿಸುವುದೇ ಇಲ್ಲ. ಹಾಗಾಗಿ 'ನಂಬರ್ 1 ಸವಾಲುಗಾರ' ಅಂದವನು ನಿಜದಲ್ಲಿ ಆ ತೂಕದ ಐದನೆಯವನಿರಬಹುದು, ಎಂಟನೆಯವನೂ ಇರಬಹುದು.

ದುಡ್ಡು ಕಟ್ಟುವ ಮುನ್ನ ಪೋಸ್ಟರಿನಲ್ಲಿ ಬೆಲ್ಟಿನ ಹೆಸರು ನೋಡಿ. ಡಬ್ಲ್ಯುಬಿಎಫ್, ಐಬಿಒ ಇವು ನಾಲ್ಕರ ಹೊರಗಿನವು. ಹೆಸರಿನ ಮುಂದೆ ರೆಗ್ಯುಲರ್, ಇಂಟರಿಮ್, ಸಿಲ್ವರ್ ಅಂತ ಇದ್ದರೆ ಮೇಲೆ ಇನ್ನೊಬ್ಬ ಇದ್ದಾನೆ. 'ಖಾಲಿ ಪಟ್ಟಕ್ಕೆ' ಅಂತಿದ್ದರೆ ಯಾರು ಬಿಟ್ಟರು, ಯಾಕೆ ಬಿಟ್ಟರು ಅಂತ ವಿಚಾರಿಸಿ. ಬಾಕ್ಸರ್‌ಗಳ ದಾಖಲೆ ಇಡುವ ಬಾಕ್ಸ್‌ರೆಕ್ ವೆಬ್‌ಸೈಟಿನಲ್ಲಿ ಸವಾಲುಗಾರನ ಕೊನೆಯ ಐದು ಪಂದ್ಯ ತೆಗೆದು, ಎದುರಾಳಿಗಳ ಸೋಲು-ಗೆಲುವು ಎಣಿಸಿ. ಆಮೇಲೆ ಟ್ರಾನ್ಸ್‌ನ್ಯಾಷನಲ್ ಬಾಕ್ಸಿಂಗ್ ರ‍್ಯಾಂಕಿಂಗ್ಸ್ ಬೋರ್ಡಿನ ಪಟ್ಟಿ ನೋಡಿ. ಅದು ಬೆಲ್ಟಿನ ಶುಲ್ಕ ತೆಗೆದುಕೊಳ್ಳುವುದಿಲ್ಲ, ಎಲ್ಲರನ್ನೂ ಒಂದೇ ಪಟ್ಟಿಯಲ್ಲಿ ಇಡುತ್ತದೆ. ಆ ಪಟ್ಟಿಯ ಮೊದಲ ಐವರೊಳಗಿನ ಇಬ್ಬರು ಎದುರಾದರೆ ಬೆಲ್ಟ್ ಇರಲಿ ಬಿಡಲಿ, ಧೈರ್ಯವಾಗಿ ನೋಡಿ. ನಾಲ್ಕೂ ಬೆಲ್ಟ್ ಪಣಕ್ಕಿದ್ದರಂತೂ ತಪ್ಪಿಸಬೇಡಿ. ಜಪಾನಿನ ಇನೌಯೆ 2022ರ ಡಿಸೆಂಬರ್ 13ರಂದು ಬಟ್ಲರ್‌ನನ್ನು, ಮರುವರ್ಷ ಡಿಸೆಂಬರ್ 26ರಂದು ಮೇಲಿನ ತೂಕದಲ್ಲಿ ತಪಾಲೆಸ್‌ನನ್ನು ಕೆಡವಿದ್ದು ಆ ಬಗೆಯವು. ಅವು ಒಬ್ಬ ಸೋಲುವವರೆಗೂ ಬಿಡದ ನಮ್ಮ ನಿಕಾಲಿ ಕುಸ್ತಿ ಇದ್ದ ಹಾಗೆ, ಅನುಮಾನಕ್ಕೆ ಜಾಗವಿಲ್ಲ. ಲಾಸ್ ವೇಗಸ್‌ನಲ್ಲಿ ಶನಿವಾರ ರಾತ್ರಿ 8ಕ್ಕೆ ಅಂದರೆ ಬೇಸಿಗೆಯಲ್ಲಿ ನಮಗೆ ಭಾನುವಾರ ಬೆಳಿಗ್ಗೆ 8.30, ಚಳಿಗಾಲದಲ್ಲಿ 9.30. ರಿಯಾದ್‌ನ ನಡುರಾತ್ರಿ ನಮಗೆ 2.30.

ಇಲ್ಲಿ ಕೈಗೆ ಗ್ಲೌಸ್ ಹಾಕುತ್ತಿರುವ ಹುಡುಗರಿಗೆ ಒಂದು ಮಾತು. ಡಬ್ಲ್ಯುಬಿಸಿ ಏಷ್ಯಾ, ಡಬ್ಲ್ಯುಬಿಒ ಓರಿಯೆಂಟಲ್‌ನಂಥ ಪಟ್ಟಗಳನ್ನು ಕೀಳಾಗಿ ಕಾಣಬೇಡಿ. ವಿಶ್ವ ಪಟ್ಟಕ್ಕೆ ಆಡಲು ಸಂಸ್ಥೆಯ ಮೊದಲ 15ರೊಳಗೆ ಇರಬೇಕು, ಅಲ್ಲಿಗೆ ಹತ್ತಿಸುವ ಮೆಟ್ಟಿಲು ಇವು. ವಿಜೇಂದರ್ ಸಿಂಗ್ 2016ರ ಜುಲೈ 16ರಂದು ದೆಹಲಿಯಲ್ಲಿ ಕೆರ್ರಿ ಹೋಪ್‌ನನ್ನು ಹತ್ತು ರೌಂಡ್ ಆಡಿ ಸೋಲಿಸಿ ಗೆದ್ದದ್ದು ಡಬ್ಲ್ಯುಬಿಒ ಏಷ್ಯಾ ಪೆಸಿಫಿಕ್ ಪಟ್ಟ. ಯಾರಾದರೂ ನೇರವಾಗಿ 'ವಿಶ್ವ ಪಟ್ಟ' ಆಡಿಸುತ್ತೇವೆ ಅಂತ ಒಪ್ಪಂದ ತಂದರೆ, ಸಹಿ ಹಾಕುವ ಮುಂಚೆ ಸಂಸ್ಥೆಯ ಪೂರ್ತಿ ಹೆಸರು, ಶುಲ್ಕ ಯಾರು ಕಟ್ಟುತ್ತಾರೆ, ಗೆದ್ದರೆ ಎಷ್ಟನೇ ಸ್ಥಾನ ಸಿಗುತ್ತದೆ, ಈ ಮೂರನ್ನೂ ಬರವಣಿಗೆಯಲ್ಲಿ ಪಡೆಯಿರಿ.