ಕಲ್ಲುದಾರಿಗೆ ಟ್ರೇಲ್ ರನ್ನಿಂಗ್ ಶೂ: ಸೋಲ್ ಸವೆಯುವ ತನಕ ಬಳಸಿದ ಮೇಲೆ

ಭಾರದ ಹೈಕಿಂಗ್ ಬೂಟ್ ಬಿಟ್ಟು ಟ್ರೇಲ್ ರನ್ನಿಂಗ್ ಶೂನಲ್ಲೇ ಬೆಟ್ಟ ಹತ್ತೋಕೆ ಶುರು ಮಾಡಿ ಕೆಲವು ವರ್ಷಗಳಾದವು. ಈ ಜೋಡಿಯ ಸೋಲ್ ಹಿಮ್ಮಡಿಯ ಹೊರ ಅಂಚಿನಲ್ಲಿ ಪೂರ್ತಿ ನುಣ್ಣಗಾಗಿದೆ. ಬ್ರ್ಯಾಂಡ್ ಹೆಸರು ಬೇಕಂತಲೇ ಬರೆದಿಲ್ಲ. ಅದೇ ಹೆಸರಿನ ಶೂ ಮುಂದಿನ ಆವೃತ್ತಿಯಲ್ಲಿ ಬೇರೆ ಫೋಮ್, ಬೇರೆ ಅಗಲದಲ್ಲಿ ಬಂದಿರುತ್ತದೆ. ಹೆಸರು ಕಟ್ಟಿಕೊಂಡು ಏನು ಮಾಡೋದು?

ನನ್ನದರಲ್ಲಿ ರಾಕ್ ಪ್ಲೇಟ್ ಇದೆ. ಲಗ್‌ಗಳು, ಅಂದರೆ ಸೋಲಿನ ಅಡಿಯ ರಬ್ಬರ್ ಹಲ್ಲುಗಳು, 4 ಮಿ.ಮೀ. ಡ್ರಾಪ್, ಅಂದರೆ ಹಿಮ್ಮಡಿಗೂ ಪಾದದ ಮುಂಭಾಗಕ್ಕೂ ಇರುವ ಎತ್ತರದ ವ್ಯತ್ಯಾಸ, 6 ಮಿ.ಮೀ. ಮೇಲೆ ಸಾದಾ ಮೆಶ್ (ಜಾಲರಿ ಬಟ್ಟೆ), ವಾಟರ್‌ಪ್ರೂಫ್ ಅಲ್ಲ.

ಕಲ್ಲಿನ ನೆಲಕ್ಕೆ ನಾನು ಮೊದಲು ನೋಡೋದು ಈ ರಾಕ್ ಪ್ಲೇಟನ್ನೇ. ಇದು ಫೋಮಿಗೂ ಹೊರಗಿನ ರಬ್ಬರಿಗೂ ನಡುವೆ ಇರುವ ತೆಳುವಾದ ಗಟ್ಟಿ ಹಾಳೆ, ಸಾಮಾನ್ಯವಾಗಿ ಪ್ಲಾಸ್ಟಿಕ್‌ನದು. ಚೂಪು ಕಲ್ಲಿನ ಮೇಲೆ ಕಾಲಿಟ್ಟರೆ ಒತ್ತಡ ಒಂದೇ ಕಡೆ ಬೀಳದೆ ಅಂಗಾಲಿಗೆಲ್ಲ ಹರಡುತ್ತದೆ. ಕೆಳಗೆ ಕಲ್ಲಿದೆ ಅಂತ ಗೊತ್ತಾಗುತ್ತದೆ, ಆದರೆ ಚುಚ್ಚುವುದಿಲ್ಲ. ಬೆಳಗ್ಗೆ ಈ ವ್ಯತ್ಯಾಸ ಅಷ್ಟಾಗಿ ತಿಳಿಯೋದಿಲ್ಲ. ಮಧ್ಯಾಹ್ನ ಇಳಿಜಾರಿನಲ್ಲಿ ಸಡಿಲ ಕಲ್ಲುಗಳ ಮೇಲೆ ಇಳಿಯುವಾಗ, ಬೆರಳ ಬುಡದ ದಪ್ಪ ಭಾಗ ಉರಿಯಲು ಶುರುವಾಗುತ್ತದಲ್ವಾ, ಆಗ ಗೊತ್ತಾಗುತ್ತದೆ. ನನಗೆ ಆ ಉರಿ ಈ ಶೂನಲ್ಲಿ ಬರಲೇ ಇಲ್ಲ.

ಪ್ಲೇಟ್ ಬದಲು ದಪ್ಪ ಫೋಮ್ ಹಾಕಿದ ಶೂಗಳೂ ಇವೆ. ಅಂಗಡಿಯಲ್ಲಿ ಹಾಕಿ ನಾಲ್ಕು ಹೆಜ್ಜೆ ಇಟ್ಟರೆ ಮನಸ್ಸು ಅದಕ್ಕೇ ಹೋಗುತ್ತದೆ, ಹಾಸಿಗೆ ಮೇಲೆ ನಡೆದ ಹಾಗಿರುತ್ತದೆ. ಆದರೆ ಪಾದ ನೆಲದಿಂದ ಮೇಲಕ್ಕೆ ಹೋದಷ್ಟೂ ಓರೆ ಕಲ್ಲಿನ ಮೇಲೆ ಹೊರಳೋದು ಸುಲಭ. ಅಗಲವಾದ ತಳ ಇದ್ದರೆ ಸ್ವಲ್ಪ ವಾಸಿ. ಶೂವಿನ ಎರಡು ತುದಿ ಹಿಡಿದು ಹಿಂಡಿ ನೋಡಿ. ನಡುವಿನಲ್ಲಿ ಸಲೀಸಾಗಿ ತಿರುಚಿಕೊಂಡರೆ ಕಲ್ಲುದಾರಿಗೆ ಬೇಡ.

ಹಿಡಿತದ ವಿಷಯಕ್ಕೆ ಬಂದರೆ, ಲಗ್ ಆಳ ಇದ್ದಷ್ಟೂ ಒಳ್ಳೆಯದು ಅನ್ನೋದು ಕೆಸರಿಗೆ ಸರಿ. ಬಂಡೆಗೆ ಅಲ್ಲ. 6 ಮಿ.ಮೀ. ಲಗ್‌ಗಳು ದೂರ ದೂರ ಇದ್ದರೆ ಬಂಡೆಗೆ ತುದಿಗಳಷ್ಟೇ ತಾಗುತ್ತವೆ, ಕಾಲು ಅಲುಗುತ್ತದೆ. ಬಂಡೆ ಮೇಲೆ ಕೆಲಸ ಮಾಡೋದು ರಬ್ಬರಿನ ಗುಣ. ಆಲ್ಪೈನ್ ಬೂಟಿಗೆ ಮೊಳೆ ಹೊಡೆಯುತ್ತಿದ್ದ ಕಾಲದಲ್ಲಿ ಇಟಲಿಯ ವಿಟಾಲೆ ಬ್ರಮಾನಿ 1937ರಲ್ಲಿ ರಬ್ಬರ್ ಸೋಲ್ ತಂದರು. ಸೋಲ್ ತಯಾರಿಸುವ ವೈಬ್ರಮ್ ಕಂಪನಿಯ ಹೆಸರು ಅವರ ಹೆಸರಿನಿಂದಲೇ ಬಂದದ್ದು. ಈಗ ಅದರಲ್ಲೇ ಒದ್ದೆ ಬಂಡೆಗೆ ಅಂತ ಮೆಗಾಗ್ರಿಪ್ ಥರದ ಮಿಶ್ರಣಗಳಿವೆ. ಮೆತ್ತಗಿನ, ಅಂಟುವ ರಬ್ಬರ್ ಬೇಗ ಸವೆಯುತ್ತದೆ, ನನಗೆ ಆ ವ್ಯಾಪಾರ ಒಪ್ಪಿಗೆ. ಪಾಚಿ ಕಟ್ಟಿದ ಕಲ್ಲಿನ ಮೇಲೆ ಮಾತ್ರ ಯಾವ ರಬ್ಬರನ್ನೂ ನಂಬಬೇಡಿ.

ಅಳತೆ ನೋಡೋದು ಸಂಜೆ ಹೊತ್ತಿನಲ್ಲಿ, ಪಾದ ಊದಿಕೊಂಡಿರುವಾಗ, ನಡೆಯುವಾಗ ಹಾಕುವ ದಪ್ಪ ಸಾಕ್ಸ್ ಹಾಕಿಕೊಂಡೇ. ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನಷ್ಟು ಅಗಲ ಜಾಗ ಇರಲಿ. ಇಲ್ಲದಿದ್ದರೆ ಇಳಿಯುವಾಗ ಪ್ರತಿ ಹೆಜ್ಜೆಗೂ ಬೆರಳು ಮುಂದಕ್ಕೆ ಬಡಿದು ಉಗುರು ಕಪ್ಪಾಗುತ್ತದೆ. ಹಾಗಂತ ಹಿಮ್ಮಡಿ ಎದ್ದು ಎದ್ದು ಬಂದರೂ ಕಷ್ಟ, ಬೊಬ್ಬೆ ಗ್ಯಾರಂಟಿ. ಕಣಕಾಲಿನ ಹತ್ತಿರ ಸುಮ್ನೆ ಇಟ್ಟಿರುವಂತೆ ಕಾಣುವ ಆ ಕೊನೆಯ ತೂತು ಇದಕ್ಕೇ ಇರೋದು. ಎರಡೂ ಕಡೆ ಲೇಸನ್ನು ಅದರೊಳಗೆ ತೂರಿಸಿ ಕುಣಿಕೆ ಬಿಡಿ, ಎದುರು ಬದಿಯ ಲೇಸ್ ಅದರಲ್ಲಿ ಹಾಯಿಸಿ ಎಳೆಯಿರಿ. ಹಿಮ್ಮಡಿ ಕೂತಲ್ಲೇ ಕೂರುತ್ತದೆ.

ಮೊದಲು ಹಾಳಾದದ್ದು ಸೋಲ್ ಅಲ್ಲ, ಕಿರುಬೆರಳು ಮಡಚುವ ಜಾಗದ ಮೆಶ್. ಅಲ್ಲಿ ಸಣ್ಣ ತೂತು ಬಿದ್ದು, ಆಮೇಲೆ ಮರಳು ಒಳಗೆ ಬರೋಕೆ ಶುರುವಾಯಿತು. ಮುಂಭಾಗದ ರಬ್ಬರ್ ಕವಚವೂ ಒಂದು ಕಡೆ ಬಿಟ್ಟುಕೊಂಡಿತು. ಶೂ ಅಂಟು ಹಚ್ಚಿ ಕೂರಿಸಿದ್ದೇನೆ, ಇನ್ನೂ ನಿಂತಿದೆ. ರನ್ನಿಂಗ್ ಶೂಗೆ 500ರಿಂದ 800 ಕಿ.ಮೀ. ಆಯಸ್ಸು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನಾನು ಕಿಲೋಮೀಟರ್ ಎಣಿಸುವುದಕ್ಕಿಂತ ಫೋಮಿನ ಬದಿ ನೋಡುತ್ತೇನೆ. ಅಡ್ಡ ಸುಕ್ಕು ಬಿದ್ದು ಮಾಯದಿದ್ದರೆ ಅದರ ಕಥೆ ಮುಗಿದಂತೆ.

ವಾಟರ್‌ಪ್ರೂಫ್ ಬೇಕಾ? ಹೊಳೆ ದಾಟಿದರೆ ನೀರು ಮೇಲಿಂದ ಬಂದೇ ಬರುತ್ತದೆ, ಒಳಗೆ ಹೋದದ್ದು ಹೊರಗೆ ಬರೋಲ್ಲ. ಮೆಶ್ ನಡೆಯುತ್ತಾ ನಡೆಯುತ್ತಾ ಒಣಗುತ್ತದೆ. ಬೆನ್ನ ಮೇಲೆ ಭಾರದ ಚೀಲ ಇದ್ದರೆ, ಹಿಮದಲ್ಲಿ ನಡೆಯೋದಾದರೆ ಮಾತ್ರ ನಾನೂ ಬೂಟೇ ಹಾಕುತ್ತೇನೆ.

5ಕ್ಕೆ 4 ಸ್ಟಾರ್. ಕಳೆದುಕೊಂಡ ಒಂದು ಸ್ಟಾರ್ ಆ ಮೆಶ್‌ನದು. ಆದರೆ ಇದೇ ಶೂ ಮತ್ತೆ ಕೊಳ್ಳೋದಿಲ್ಲ. ಹೊಸ ಆವೃತ್ತಿಯಲ್ಲಿ ರಾಕ್ ಪ್ಲೇಟ್ ತೆಗೆದು ಫೋಮ್ ಜಾಸ್ತಿ ಮಾಡಿದ್ದಾರೆ.