ಸರ್ಫಿಂಗ್ ಕಲಿಸುವ ಅರ್ಹತೆ: ಐಎಸ್‌ಎ ಲೆವೆಲ್ 1 ತರಬೇತಿ ಹೇಗಿದೆ?

ಅಲೆಯ ಮೇಲೆ ಸಲೀಸಾಗಿ ನಿಲ್ಲಬಲ್ಲವರೆಲ್ಲ ಅದನ್ನು ಇತರರಿಗೂ ಕಲಿಸಬಲ್ಲರು ಎಂಬ ನಂಬಿಕೆ ಸರ್ಫಿಂಗ್ ವಲಯದಲ್ಲಿ ಇಂದಿಗೂ ಗಟ್ಟಿಯಾಗಿ ಉಳಿದಿದೆ. ಇಂಟರ್‌ನ್ಯಾಷನಲ್ ಸರ್ಫಿಂಗ್ ಅಸೋಸಿಯೇಷನ್ ರೂಪಿಸಿರುವ ಲೆವೆಲ್ 1 ಬೋಧಕರ ತರಬೇತಿಯನ್ನು ಮುಗಿಸಿದ ಮೇಲೆ ಆ ನಂಬಿಕೆ ನನ್ನಲ್ಲಿ ಉಳಿದಿಲ್ಲ. 1964ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಮಾನ್ಯತೆಯಿದ್ದು, 2021ರಲ್ಲಿ ನಡೆದ ಟೋಕಿಯೋ ಕ್ರೀಡಾಕೂಟದಲ್ಲಿ ಸರ್ಫಿಂಗ್ ಮೊದಲ ಬಾರಿಗೆ ಒಲಿಂಪಿಕ್ ಅಂಗಳಕ್ಕೆ ಬಂದದ್ದೂ ಇದರ ಪ್ರಯತ್ನದಿಂದಲೇ. ಬೇರೆ ಬೇರೆ ದೇಶಗಳ ಸರ್ಫ್ ಶಾಲೆಗಳು ಇದರ ಪ್ರಮಾಣಪತ್ರವನ್ನು ಒಪ್ಪಿಕೊಳ್ಳುವುದರಿಂದ, ಕಲಿಸುವುದನ್ನೇ ವೃತ್ತಿಯಾಗಿಸಿಕೊಳ್ಳಬೇಕೆಂದಿರುವವರು ಮೊದಲು ವಿಚಾರಿಸುವುದು ಈ ತರಬೇತಿಯನ್ನೇ.

ತರಗತಿ ಮತ್ತು ಕಡಲತೀರದ ಪಾಠಗಳು ಎರಡು-ಮೂರು ದಿನಗಳಲ್ಲಿ ಮುಗಿಯುತ್ತವೆ. ಆದರೆ ಅಷ್ಟಕ್ಕೇ ಪ್ರಮಾಣಪತ್ರ ಕೈಗೆ ಬರುವುದಿಲ್ಲ. ಅನುಭವಿ ಬೋಧಕರ ಮೇಲ್ವಿಚಾರಣೆಯಲ್ಲಿ 20 ಗಂಟೆಗಳ ಬೋಧನಾ ಅಭ್ಯಾಸವನ್ನು ಪೂರೈಸಿ ದಾಖಲಿಸಬೇಕು. ಜೊತೆಗೆ ಜಲರಕ್ಷಣೆ ಹಾಗೂ ಪ್ರಥಮ ಚಿಕಿತ್ಸೆಯ ಅರ್ಹತೆಯನ್ನು ಪಡೆದಿರಬೇಕು. ಜಾಹೀರಾತುಗಳಲ್ಲಿ ದಿನಗಳ ಲೆಕ್ಕ ದೊಡ್ಡ ಅಕ್ಷರಗಳಲ್ಲಿ ಇರುತ್ತದೆಯೇ ಹೊರತು ಉಳಿದೆರಡರ ಪ್ರಸ್ತಾಪ ಎಲ್ಲೋ ಮೂಲೆಯಲ್ಲಿರುತ್ತದೆ. ಇದು ಸರಿಯಲ್ಲ.

ಇಡೀ ತರಬೇತಿಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡದ್ದು ಕಡಲನ್ನು ಗಮನಿಸುವ ಪಾಠ. ತರಬೇತುದಾರರು ನಮ್ಮನ್ನು ದಡದಲ್ಲಿ ಸಾಲಾಗಿ ನಿಲ್ಲಿಸಿ, ಅಲೆಗಳ ಎರಡು-ಮೂರು ಸರಣಿಗಳು ಬಂದುಹೋಗುವವರೆಗೆ ಯಾರೂ ಮಾತನಾಡಬಾರದೆಂದು ಹೇಳಿದರು. ನಂತರ, ಇಂದು ಪಾಠ ಮಾಡುವುದಾದರೆ ಹೊಸಬರನ್ನು ಎಲ್ಲಿ ಇಳಿಸುವಿರಿ ಎಂದು ಒಬ್ಬೊಬ್ಬರನ್ನಾಗಿ ಕೇಳಿದರು. ಎರಡು ಕಡೆ ಅಲೆಗಳು ಒಡೆಯುತ್ತಿದ್ದು, ನಡುವಿನ ಪಟ್ಟಿಯಲ್ಲಿ ಮಾತ್ರ ನೀರು ತುಸು ಕಪ್ಪಾಗಿ, ಶಾಂತವಾಗಿ ಕಾಣುತ್ತಿತ್ತು. ಸೂಕ್ಷ್ಮವಾಗಿ ನೋಡಿದಾಗ ಅಲ್ಲಿನ ನೊರೆ ದಡದಿಂದ ಕಡಲಿನತ್ತ ಸಾಗುತ್ತಿತ್ತು. ಅದೇ ರಿಪ್ ಪ್ರವಾಹ. ಸೆಕೆಂಡಿಗೆ 2.4 ಮೀಟರ್‌ವರೆಗೂ ವೇಗ ಪಡೆಯಬಲ್ಲ ಈ ಸೆಳೆತದ ಎದುರು ನುರಿತ ಈಜುಗಾರರ ಶಕ್ತಿಯೂ ಸಾಲದು. ಹೊಸಬರ ಕಣ್ಣಿಗೆ ಇಳಿಯಲು ಯೋಗ್ಯವಾಗಿ ತೋರುವುದು ಇಂಥ ಶಾಂತ ಪಟ್ಟಿಯೇ ಆದ್ದರಿಂದ, ಪಾಠ ಆರಂಭವಾಗುವ ಮೊದಲೇ ಅದನ್ನು ಬೆರಳು ತೋರಿಸಿ ಗುರುತಿಸಬೇಕು. ಸಿಕ್ಕಿಬಿದ್ದರೆ ಬೋರ್ಡನ್ನು ಬಿಡದೆ, ಎದುರು ಈಜದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಬೇಕೆಂದು ಹೇಳಿಕೊಡಬೇಕು. ಇದನ್ನು ಪುಸ್ತಕದಲ್ಲಿ ಓದುವುದಕ್ಕೂ ಎಂಟು ಮಂದಿಯ ಜವಾಬ್ದಾರಿ ಹೊತ್ತು ದಡದಲ್ಲಿ ನಿಂತು ನಿರ್ಧರಿಸುವುದಕ್ಕೂ ಅಜಗಜಾಂತರವಿದೆ.

ಎಂಟು ಮಂದಿ ಎಂದೆ. ಒಬ್ಬ ಬೋಧಕರಿಗೆ ಗರಿಷ್ಠ ಎಂಟು ವಿದ್ಯಾರ್ಥಿಗಳು ಎಂಬುದು ಈ ತರಬೇತಿ ಕಲಿಸುವ ಅನುಪಾತ, ಮತ್ತು ಅದು ಒಳ್ಳೆಯ ವಾತಾವರಣದ ಮಾತು. ಗಾಳಿ ಜೋರಾದರೆ ಅಥವಾ ಅಲೆ ಎತ್ತರವಾದರೆ ಸಂಖ್ಯೆಯನ್ನು ಇಳಿಸುವುದು ಬೋಧಕರ ವಿವೇಚನೆಗೆ ಬಿಟ್ಟದ್ದು. ಸೊಂಟದ ಮಟ್ಟದ ನೀರಿನಲ್ಲಿ ಎಲ್ಲರೂ ಕಣ್ಣಳತೆಯಲ್ಲಿರುವಂತೆ ಎಲ್ಲಿ ನಿಲ್ಲಬೇಕು, ಬೋರ್ಡನ್ನು ಅಲೆಗೂ ತನಗೂ ನಡುವೆ ಅಡ್ಡಲಾಗಿ ಹಿಡಿಯುವ ವಿದ್ಯಾರ್ಥಿಯನ್ನು ಹೇಗೆ ತಿದ್ದಬೇಕು, ತಲೆ ಮುಂದಾಗಿ ಧುಮುಕದೆ ಮೈಚಾಚಿ ಬೀಳುವುದನ್ನೂ ಮೇಲೆ ಬರುವಾಗ ಕೈಗಳಿಂದ ತಲೆಯನ್ನು ರಕ್ಷಿಸಿಕೊಳ್ಳುವುದನ್ನೂ ಹೇಗೆ ರೂಢಿ ಮಾಡಿಸಬೇಕು ಎಂಬ ಸಂಗತಿಗಳಿಗೆ ತರಬೇತುದಾರರು ಸಾಕಷ್ಟು ಸಮಯ ಕೊಟ್ಟರು. ಮಲಗಿದ ಸ್ಥಿತಿಯಿಂದ ಬೋರ್ಡಿನ ಮೇಲೆ ಎದ್ದು ನಿಲ್ಲುವ ಕ್ರಮವನ್ನು ಒಬ್ಬ ಅಭ್ಯರ್ಥಿ ಮರಳಿನ ಮೇಲೆ ದೀರ್ಘವಾಗಿ ವಿವರಿಸುತ್ತಿದ್ದಾಗ, ತರಬೇತುದಾರರು ಅವರನ್ನು ಮಧ್ಯದಲ್ಲೇ ತಡೆದು, ಒಂದೂ ಮಾತಾಡದೆ ನಿಧಾನವಾಗಿ ಮಾಡಿ ತೋರಿಸಲು ಹೇಳಿದರು. ಎದುರಿಗಿದ್ದವರೆಲ್ಲರೂ ಅಭ್ಯರ್ಥಿಯ ಕೈಗಳು ಪಕ್ಕೆಲುಬುಗಳ ಬಳಿ ಊರಿದ್ದನ್ನೂ ಅವರ ದೃಷ್ಟಿ ಕೆಳಗಿರದೆ ಮುಂದಕ್ಕಿದ್ದುದನ್ನೂ ತಾವಾಗಿಯೇ ಗಮನಿಸಿದರು. ಆ ಹತ್ತು ನಿಮಿಷ ಕೊಟ್ಟ ಶುಲ್ಕಕ್ಕೆ ಸಮ ಎಂದು ನಾನು ಮನಃಪೂರ್ವಕವಾಗಿ ಹೇಳುತ್ತೇನೆ.

ಆದರೆ ಒಂದು ಮುಖ್ಯ ವಿಷಯ ಒಂದೇ ವಾಕ್ಯದಲ್ಲಿ ಮುಗಿದುಹೋಯಿತು. ಬೋರ್ಡಿನ ಮೇಲೆ ಬೆನ್ನನ್ನು ಹಿಂದಕ್ಕೆ ಬಾಗಿಸಿ ಬಹಳ ಹೊತ್ತು ಮಲಗುವ ಹೊಸಬರಲ್ಲಿ, ಯಾವ ಪೆಟ್ಟೂ ಬೀಳದೆ, ಬೆನ್ನುಹುರಿಗೆ ಹಾನಿಯಾಗುವ ಅಪರೂಪದ ಸ್ಥಿತಿಯೊಂದಿದೆ. ಸರ್ಫರ್ಸ್ ಮೈಲೋಪತಿ ಎಂಬ ಹೆಸರಿನಲ್ಲಿ 2004ರಲ್ಲಿ ವೈದ್ಯಕೀಯ ಸಾಹಿತ್ಯದಲ್ಲಿ ಮೊದಲು ವಿವರಿಸಲಾದ ಇದು ಬೆನ್ನುನೋವಿನಿಂದ ಆರಂಭವಾಗಿ ಕಾಲುಗಳು ಜೋಮು ಹಿಡಿಯುವ, ಸ್ವಾಧೀನ ತಪ್ಪುವ ಮಟ್ಟಕ್ಕೆ ಬಹುಬೇಗ ಹೋಗಬಲ್ಲದು. ಇದಕ್ಕೆ ತುತ್ತಾಗುವವರಲ್ಲಿ ಹೆಚ್ಚಿನವರು ಮೊದಲ ಪಾಠಗಳಿಗೆ ಬಂದವರೇ ಆಗಿರುವಾಗ, ಬೆನ್ನುನೋವೆಂದ ವಿದ್ಯಾರ್ಥಿಯನ್ನು ತಡಮಾಡದೆ ನೀರಿನಿಂದ ಹೊರಗೆ ಕರೆತಂದು ಆಸ್ಪತ್ರೆಗೆ ಕಳುಹಿಸಬೇಕಾದ ಲಕ್ಷಣಗಳನ್ನು ಪ್ರತಿಯೊಬ್ಬ ಬೋಧಕರಿಗೂ ಬಾಯಿಪಾಠ ಮಾಡಿಸಬೇಕಿತ್ತು.

ಜಲರಕ್ಷಣೆಯ ಭಾಗ ಕಠಿಣವಾಗಿದೆ, ಕಠಿಣವಾಗಿಯೇ ಇರಬೇಕು. ಮುಳುಗಿದವರಿಗೆ ಮೊದಲು ಬೇಕಾದದ್ದು ಉಸಿರು; ಆದ್ದರಿಂದ ಯುರೋಪಿನ ಮಾರ್ಗಸೂಚಿಯಂತೆ ಐದು ಬಾರಿ ಉಸಿರು ಕೊಟ್ಟು, ಆಮೇಲೆ 30 ಸಲ ಎದೆ ಒತ್ತಿ 2 ಸಲ ಉಸಿರು ಕೊಡುವ ಕ್ರಮವನ್ನು ಮುಂದುವರಿಸಬೇಕು. ಇದನ್ನು ಗೊಂಬೆಯ ಮೇಲೆ ಚೆನ್ನಾಗಿಯೇ ಕಲಿಸಿದರು. ನಾನು ಕಲಿತ ಕೇಂದ್ರದಲ್ಲಿ ಮಾತ್ರ, ಪ್ರಜ್ಞೆ ತಪ್ಪಿದವರನ್ನು ಬೋರ್ಡಿನ ಮೇಲೆ ಎಳೆದುಕೊಳ್ಳುವ ಅಭ್ಯಾಸವನ್ನು ಈಜುಕೊಳದಲ್ಲಿ ಮಾಡಿಸಿ, ಕಡಲಿನಲ್ಲಿ ಒಮ್ಮೆ ನೆಪಮಾತ್ರಕ್ಕೆ ಮುಗಿಸಿದರು. ಅಲುಗಾಡದ ನೀರಿನಲ್ಲಿ ಕಲಿತ ಹಿಡಿತ, ಹಿಂದಿನಿಂದ ಅಲೆ ಬಂದು ಬೋರ್ಡನ್ನು ತಳ್ಳುವಾಗ ಅಷ್ಟಾಗಿ ನೆರವಿಗೆ ಬರುವುದಿಲ್ಲ.

ಇನ್ನೊಂದು ಕೊರತೆ ತರಬೇತಿಯ ಸ್ವರೂಪದಲ್ಲೇ ಇದೆ. ಅಣಕು ಪಾಠಗಳನ್ನು ನಾವು ಮಾಡುವುದು ಸಹ ಅಭ್ಯರ್ಥಿಗಳಿಗೆ, ಅಂದರೆ ಈಗಾಗಲೇ ಸರ್ಫಿಂಗ್ ಬಲ್ಲವರಿಗೆ. ನೀರಿನ ಭಯದಿಂದ ಮೈ ಬಿಗಿಹಿಡಿದವರನ್ನೂ ಹೇಳಿದ್ದನ್ನು ಕೇಳದೆ ಆಳಕ್ಕೆ ಹೋಗುವವರನ್ನೂ ಅಭಿನಯದಿಂದ ಕಲ್ಪಿಸಲಾಗದು. ಹೀಗಾಗಿ ಮೇಲ್ವಿಚಾರಣೆಯ ಆ 20 ಗಂಟೆಗಳೇ ನನ್ನ ಮಟ್ಟಿಗೆ ನಿಜವಾದ ತರಬೇತಿ. ನಾನು ಅಭ್ಯಾಸಕ್ಕೆ ಸೇರಿದ ಶಾಲೆಯೊಂದರಲ್ಲಿ ಆರಂಭದ ಅವಧಿಯೆಲ್ಲ ಬೋರ್ಡ್ ಹೊರುವುದರಲ್ಲಿ, ವೆಟ್‌ಸೂಟ್ ತೊಳೆಯುವುದರಲ್ಲಿ ಕಳೆಯಿತು. ಅದನ್ನೂ ಬೋಧನೆಯ ಗಂಟೆಗಳೆಂದು ಬರೆದುಕೊಡಲು ಅಲ್ಲಿನವರು ಸಿದ್ಧರಿದ್ದರು. ಹಾಗೆ ಪಡೆದ ಸಹಿಯಿಂದ ನಾಳೆ ಕಲಿಯಲು ಬರುವವರಿಗೆ ಅನ್ಯಾಯವಾಗುತ್ತದೆ. ಬೇರೆ ಶಾಲೆಗೆ ಹೋದ ಮೇಲೆ, ಪ್ರತಿ ಪಾಠ ಮುಗಿದೊಡನೆ ಹಿರಿಯ ಬೋಧಕಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಯಾವ ವಿದ್ಯಾರ್ಥಿಯತ್ತ ನನ್ನ ಗಮನ ಹರಿದಿರಲಿಲ್ಲ ಎಂಬುದನ್ನು ನೇರವಾಗಿ ಹೇಳುತ್ತಿದ್ದರು. ಅವರಿಂದ ಕಲಿತಷ್ಟನ್ನು ಯಾವ ಕೈಪಿಡಿಯೂ ಕಲಿಸಲಿಲ್ಲ.

ಲೆವೆಲ್ 1 ಮುಖ್ಯವಾಗಿ ಒಡೆದ ಅಲೆಗಳ ಬಿಳಿನೊರೆಯಲ್ಲಿ ಹೊಸಬರಿಗೆ ಕಲಿಸಲು ಸಿದ್ಧಗೊಳಿಸುತ್ತದೆ; ಒಡೆಯದ ಅಲೆಯಲ್ಲಿ ತಿರುವುಗಳನ್ನು ಕಲಿಸುವ ಮುಂದಿನ ಹಂತಕ್ಕೆ ಲೆವೆಲ್ 2 ಇದೆ. ತಮ್ಮ ಸ್ವಂತ ಸರ್ಫಿಂಗ್ ಸುಧಾರಿಸಲೆಂದು ಇದಕ್ಕೆ ಸೇರುವವರಿಗೆ ನಿರಾಸೆ ಖಂಡಿತ. ಕಲಿಸುವ ಹಂಬಲವಿರುವವರಿಗೆ ಇದನ್ನು ನಾನು ಒತ್ತಾಯಪೂರ್ವಕವಾಗಿ ಶಿಫಾರಸು ಮಾಡುತ್ತೇನೆ, ಆದರೆ ಹಣ ಕಟ್ಟುವ ಮುನ್ನ ಕೇಂದ್ರದವರನ್ನು ಕೆಲವು ವಿಷಯ ಕೇಳಿ ತಿಳಿದುಕೊಳ್ಳಿ: ರಕ್ಷಣಾ ಅಭ್ಯಾಸ ಕಡಲಿನಲ್ಲಿ ಎಷ್ಟು ಹೊತ್ತು ನಡೆಯುತ್ತದೆ, ಜಲರಕ್ಷಣೆಯ ಪರೀಕ್ಷೆಗೆ ಪ್ರತ್ಯೇಕ ಶುಲ್ಕವಿದೆಯೇ, 20 ಗಂಟೆಗಳ ಅಭ್ಯಾಸಕ್ಕೆ ಶಾಲೆಯನ್ನು ಅವರೇ ಗೊತ್ತುಮಾಡಿಕೊಡುತ್ತಾರೆಯೇ, ಅಲ್ಲಿ ನಿಮ್ಮ ಪಾಠವನ್ನು ನೀರಿಗಿಳಿದು ನೋಡುವವರು ಯಾರು. ಕೊನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಗದಿದ್ದರೆ ಬೇರೆ ಕೇಂದ್ರವನ್ನು ಹುಡುಕಿ.