ಲ್ಯಾಬಿನ ವರದಿ ಮೊದಲು ಯಾರ ಮೊಬೈಲಿಗೆ ಹೋಗುತ್ತದೆ, ಕೇಳಿಕೊಳ್ಳಿ

ನನ್ನ ತಂಗಿಗೆ ಟಿ.ಬಿ. ಇದೆ ಎಂಬುದು ನಮ್ಮ ಮನೆಗೆ ತಿಳಿಯುವ ಮೊದಲೇ ಊರಿಗೆ ತಿಳಿದಿತ್ತು. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಗುಬ್ಬಿ ಕಡೆಯ ಹಳ್ಳಿ. ತಂಗಿ ಮನೆಯಲ್ಲಿಯೇ 11 ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಕುತ್ತಿಗೆಯಲ್ಲಿ ಎದ್ದ ಗಂಟು ತಿಂಗಳಾದರೂ ಕರಗದಿದ್ದಾಗ ವೈದ್ಯರು ಸೂಜಿ ಪರೀಕ್ಷೆ ಬರೆದರು. ತುಮಕೂರಿನ ಯಾವ ಲ್ಯಾಬಿಗೆ ಹೋಗಬೇಕೆಂದು ಹೇಳಿದವರು ಊರಿನ ಮೆಡಿಕಲ್ ಅಂಗಡಿಯವರು. ಮಾದರಿ ಕೊಟ್ಟು ಬಂದೆವು. ಎರಡು ದಿನ ಬಿಟ್ಟು ಸಂಜೆ ನಾಲ್ಕಕ್ಕೆ ಒಂದು ಮಗುವೂ ಪಾಠಕ್ಕೆ ಬರಲಿಲ್ಲ. ಎದುರು ಮನೆಯ ಅಜ್ಜಿ ನನ್ನನ್ನು ನಿಲ್ಲಿಸಿ, "ನಿನ್ನ ತಂಗಿಗೆ ಟಿ.ಬಿ.ಯಂತೆ, ಹೌದೇನಪ್ಪಾ?" ಎಂದು ಕೇಳಿದರು. ತಂಗಿಯ ಮೊಬೈಲಿಗೆ ವರದಿ ಬಂದದ್ದು ರಾತ್ರಿ ಎಂಟಕ್ಕೆ.

ಮರುದಿನ ಲ್ಯಾಬಿಗೆ ಹೋದೆ. ರೋಗಿಗಳನ್ನು ಕಳುಹಿಸುವ ಮೆಡಿಕಲ್ ಅಂಗಡಿಯವರನ್ನೆಲ್ಲ ಸೇರಿಸಿ ಅವರೊಂದು ವಾಟ್ಸ್ಆ್ಯಪ್ ಗುಂಪು ಮಾಡಿಕೊಂಡಿದ್ದಾರೆ. ಹೆಸರು, ವಯಸ್ಸು, ಊರು ಸಹಿತ ವರದಿಯ ಫೋಟೊ ಅದಕ್ಕೇ ಬೀಳುತ್ತದೆ. "ಎಲ್ಲರದನ್ನೂ ಹೀಗೆಯೇ ಹಾಕುತ್ತೇವೆ ಸರ್, ಇದುವರೆಗೆ ಯಾರೂ ಕೇಳಿಲ್ಲ" ಎಂದ ಕೌಂಟರಿನ ಹುಡುಗ. ನನ್ನೆದುರಿಗೇ ಅಳಿಸಿದ. ಆದರೆ ಅಷ್ಟರಲ್ಲಿ ಅದು ಎಷ್ಟು ಮೊಬೈಲುಗಳ ಗ್ಯಾಲರಿಗೆ ತಾನಾಗಿ ಇಳಿದಿತ್ತೋ! ಹಾಗೆ ಇಳಿದ ಪ್ರತಿ, ಮುಂದಕ್ಕೆ ಕಳುಹಿಸಿದ ಪ್ರತಿ, ಗುಂಪಿನಲ್ಲಿ ಅಳಿಸಿದರೆ ಹೋಗುವುದಿಲ್ಲ.

ನನಗೆ ಇಂದಿಗೂ ಹೊಟ್ಟೆ ಉರಿಯುವುದು ಒಂದು ಕಾರಣಕ್ಕೆ. ತಂಗಿಗೆ ಇರುವುದು ಗ್ರಂಥಿಯ ಟಿ.ಬಿ.; ಶ್ವಾಸಕೋಶ ಸ್ವಚ್ಛವಾಗಿದೆ. ಅದು ಕೆಮ್ಮಿನಿಂದ, ಗಾಳಿಯಿಂದ ಹರಡುವುದಿಲ್ಲ. ವರದಿಯ ಫೋಟೊ ನೋಡಿದವರಿಗೆ ಇದನ್ನು ಬಿಡಿಸಿ ಹೇಳಲು ಅಲ್ಲಿ ವೈದ್ಯರಿರಲಿಲ್ಲ. ಟಿ.ಬಿ. ಪತ್ತೆಯಾದರೆ ಖಾಸಗಿಯವರೂ ಸರ್ಕಾರಕ್ಕೆ ತಿಳಿಸಬೇಕೆಂಬ ಆದೇಶ 2012ರಿಂದಲೇ ಇದೆ, ಅದು ಸರಿಯೇ. ಆದರೆ ಆ ಮಾಹಿತಿ ಸೇರಬೇಕಾದದ್ದು ಆರೋಗ್ಯ ಇಲಾಖೆಯ ನಿಕ್ಷಯ್ ಜಾಲಕ್ಕೆ, ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿಗಲ್ಲ.

ಆದ್ದರಿಂದ ಮಾದರಿ ಕೊಡುವ ಮೊದಲೇ ಕೇಳಿ: ವರದಿ ಯಾರಿಗೆಲ್ಲ ಹೋಗುತ್ತದೆ? ನಮೂನೆಯಲ್ಲಿ ನಿಮ್ಮ ಸಂಖ್ಯೆಯನ್ನು ಮಾತ್ರ ಬರೆಸಿ. ಕಳುಹಿಸಿದ ಅಂಗಡಿಯವರ ಸಂಖ್ಯೆ ಇದ್ದರೆ ಹೊಡೆದುಹಾಕಿಸಿ. ಬಿಲ್ಲಿನ ಮೇಲೆ "ರೋಗಿಯ ಕೈಗೆ ಮಾತ್ರ" ಎಂದು ಬರೆಸಿಕೊಳ್ಳಿ. ಒಪ್ಪದಿದ್ದರೆ ಬೇರೆ ಲ್ಯಾಬಿಗೆ ಹೋಗಿ. ಈಗಾಗಲೇ ಸೋರಿಹೋಗಿದ್ದರೆ, ಅವರು ಅಳಿಸುವ ಮುನ್ನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಸಿಟ್ಟಿನಲ್ಲಿ ಮೊದಲು ಅಳಿಸಿ ಎಂದು ಕೂಗಿ, ಪುರಾವೆಯನ್ನು ನಾನೇ ಕಳೆದುಕೊಂಡೆ. ಖಾಸಗಿ ಲ್ಯಾಬುಗಳು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಡಿ ನೋಂದಾಯಿಸಿಕೊಂಡಿರಬೇಕು; ದೂರನ್ನು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸೇವೆ ಕೊಡುವಾಗ ಸಿಕ್ಕ ವೈಯಕ್ತಿಕ ಮಾಹಿತಿಯನ್ನು, ನಷ್ಟವಾಗಬಹುದೆಂದು ಗೊತ್ತಿದ್ದೂ ಒಪ್ಪಿಗೆಯಿಲ್ಲದೆ ಹೊರಗೆ ಕೊಟ್ಟರೆ, ಮಾಹಿತಿ ತಂತ್ರಜ್ಞಾನ ಕಾಯಿದೆಯ 72ಎ ಕಲಮಿನಡಿ 3 ವರ್ಷದವರೆಗೆ ಜೈಲು ಇದೆ. ಇದನ್ನು ದೂರಿನಲ್ಲಿ ನಮೂದಿಸಿ.

ನಾನು ದೂರು ಕೊಟ್ಟು ಬಂದಿದ್ದೇನೆ. ತಂಗಿಯ ಆರು ತಿಂಗಳ ಔಷಧದಲ್ಲಿ ಮೂರು ತಿಂಗಳು ಮುಗಿದಿದೆ, ಗಂಟು ಕರಗುತ್ತಿದೆ. 11 ಮಕ್ಕಳಲ್ಲಿ 4 ಮಕ್ಕಳು ಪಾಠಕ್ಕೆ ಮರಳಿದ್ದಾರೆ.